ಗೆಳೆಯನಿಗೊಂದು ಪತ್ರ: ಮೊದಲ ಕ್ರೋನೋಗ್ರಾಫ್ ಕೊಳ್ಳುವ ಮುಂಚೆ

ಪ್ರೀತಿಯ ಮಂಜು,

ಯಾವ ಕ್ರೋನೋಗ್ರಾಫ್ ಕೊಳ್ಳಲಿ ಅಂತ ಕೇಳಿ ನೀನು ಕಳಿಸಿದ ಮೂರೂ ವಾಚುಗಳ ಫೋಟೋ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಎರಡನೆಯದು ಕ್ರೋನೋಗ್ರಾಫೇ ಅಲ್ಲ. ಡಯಲ್ ಮೇಲೆ ಮೂರು ಸಣ್ಣ ಸುತ್ತುಗಳಿವೆ, ಪಕ್ಕದಲ್ಲಿ ಎರಡು ಬಟನ್ ಇವೆ, ನಿಜ. ಆದರೆ ಫೋಟೋ ದೊಡ್ಡದು ಮಾಡಿ ನೋಡು. ಒಂದು ಸುತ್ತಿನಲ್ಲಿ ವಾರದ ದಿನಗಳಿವೆ, ಇನ್ನೊಂದರಲ್ಲಿ 1ರಿಂದ 31ರವರೆಗೆ ತಾರೀಖು, ಮೂರನೆಯದರಲ್ಲಿ 24 ಗಂಟೆ. ಅಂಗಡಿಯಲ್ಲಿ ಇದನ್ನು ಮಲ್ಟಿಫಂಕ್ಷನ್ ಅನ್ನುತ್ತಾರೆ. ಆ ಬಟನ್ ಒತ್ತಿದರೆ ವಾರವೋ ತಾರೀಖೋ ಮುಂದೆ ಹೋಗುತ್ತದೆ, ಅಷ್ಟೇ. ಬೆಲೆಯೂ ರೂಪವೂ ಹತ್ತಿರ ಹತ್ತಿರ ಇರುವುದರಿಂದ ಎಷ್ಟೋ ಜನ ಇದನ್ನೇ ಕ್ರೋನೋಗ್ರಾಫ್ ಅಂದುಕೊಂಡು ಮನೆಗೆ ತರುತ್ತಾರೆ.

ಕ್ರೋನೋಗ್ರಾಫ್ ಅಂದರೆ ಹೊತ್ತು ತೋರಿಸುವ ವಾಚಿನೊಳಗೇ ಒಂದು ಸ್ಟಾಪ್‌ವಾಚ್ ಇರಬೇಕು. ಮೇಲಿನ ಬಟನ್ ಒತ್ತಿದರೆ ನಡುವಿನ ಉದ್ದ ಮುಳ್ಳು ಓಡಲು ಶುರುವಾಗಬೇಕು. ಮತ್ತೆ ಒತ್ತಿದರೆ ನಿಲ್ಲಬೇಕು. ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಬರಬೇಕು. ಹಾಗಾಗಿ ಸುಮ್ನೆ ಕಟ್ಟಿಕೊಂಡಿರುವಾಗ ಆ ಉದ್ದ ಮುಳ್ಳು 12ರ ಹತ್ತಿರ ಅಲುಗಾಡದೆ ನಿಂತಿರುತ್ತದೆ. ವಾಚು ಕೆಟ್ಟಿದೆ ಅಂತ ಗಾಬರಿ ಬೀಳಬೇಡ. ದಿನದ ಸೆಕೆಂಡು ಎಣಿಸುವ ಮುಳ್ಳು ಸಾಮಾನ್ಯವಾಗಿ ಒಂದು ಸಣ್ಣ ಸುತ್ತಿನಲ್ಲಿ ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ.

ಈಗ ನಿನ್ನ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಕೈಯಲ್ಲಿರುವುದು 15 ಸಾವಿರ, ಆದರೆ ಕೀ ಕೊಡುವ ವಾಚೇ ಬೇಕು, ಸೆಲ್ ಹಾಕುವುದು ಬೇಡ ಅಂತ ಬರೆದಿದ್ದೀಯ. ನಿನ್ನ ಆಸೆ ನನಗೆ ಅರ್ಥವಾಗುತ್ತದೆ ಮಾರಾಯ. ನಾವು ಬೆಳೆದದ್ದೇ ಎಚ್‌ಎಂಟಿ ಮನೆಗಳಲ್ಲಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ವಾಚು ಅಪ್ಪಂದಿರ ಕೈಯಲ್ಲಿ ದಶಕಗಟ್ಟಲೆ ಓಡಿತು. ಬೆಳಗ್ಗೆ ಕೀ ಕೊಟ್ಟರೆ ಮುಗಿಯಿತು. ಕೆಟ್ಟರೆ ಬಸ್‌ಸ್ಟ್ಯಾಂಡ್ ಪಕ್ಕದ ರಿಪೇರಿಯವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಸರಿ ಮಾಡಿಕೊಡುತ್ತಿದ್ದರು. ಆದರೆ ಅದು ಮೂರು ಮುಳ್ಳಿನ ಸರಳ ವಾಚು. ಕೀ ಕೊಡುವ ಕ್ರೋನೋಗ್ರಾಫ್ ಒಳಗಡೆ ಬೇರೆಯೇ ಲೋಕ. ಅದೇ ಯಂತ್ರದ ಮೇಲೆ ಇನ್ನೊಂದು ಪದರ ಸನ್ನೆಕೋಲುಗಳು, ಸ್ಪ್ರಿಂಗುಗಳು, ಚಕ್ರಗಳು ಇರುತ್ತವೆ. ಸೊನ್ನೆಗೆ ತರುವುದಕ್ಕೆಂದೇ ಹೃದಯದ ಆಕಾರದ ಒಂದು ಪುಟ್ಟ ಬಿಲ್ಲೆ ಇದೆ. ಬಟನ್ ಒತ್ತಿದಾಗ ಒಂದು ಸುತ್ತಿಗೆ ಬಂದು ಅದರ ಅಂಚಿಗೆ ಬಡಿಯುತ್ತದೆ. ಮುಳ್ಳು ಎಲ್ಲೇ ಇರಲಿ, ಆ ಆಕಾರದಿಂದಾಗಿ ಬಿಲ್ಲೆ ಜಾರಿಕೊಂಡು ತಿರುಗಿ ಮುಳ್ಳು ಸೀದಾ ಸೊನ್ನೆಗೇ ಬಂದು ನಿಲ್ಲುತ್ತದೆ. ವಾಚುಗಳಲ್ಲಿ ನನಗೆ ಅತಿ ಇಷ್ಟವಾದ ಭಾಗವೇ ಅದು. ಯಾರು ಇದನ್ನು ಯೋಚಿಸಿದರೋ ಅವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಇಷ್ಟು ಸೂಕ್ಷ್ಮದ ಕೆಲಸ ಅಗ್ಗವಾಗಿ ಸಿಗುವುದಿಲ್ಲ. ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ಕ್ರೋನೋಗ್ರಾಫ್ ಬಂದದ್ದೇ 1969ರಲ್ಲಿ. ವಾಚು ಕಂಪನಿಗಳಾದ ಝೆನಿತ್, ಸೈಕೋ, ಮತ್ತೆ ಹಾಯರ್-ಬ್ರೈಟ್ಲಿಂಗ್‌ಗಳ ಗುಂಪು, ಮೂವರೂ ಅದೇ ವರ್ಷ ಪೈಪೋಟಿಯಲ್ಲಿ ಮುಗಿಸಿದರು. ಇವತ್ತಿಗೂ ಸ್ವಿಸ್ ಮೆಕ್ಯಾನಿಕಲ್ ಕ್ರೋನೋಗ್ರಾಫ್ ಹೊಸದು ಬೇಕೆಂದರೆ ಲಕ್ಷದ ಮಾತು.

ನೀನು ಕೇಳಿದ ಆ ಚೀನಾ ವಾಚು ಮಾತ್ರ ಬೇರೆ. ಅದರ ಕಥೆ ಚೆನ್ನಾಗಿದೆ, ಹೇಳಲೇಬೇಕು. 1960ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ವೀನಸ್ ಕಂಪನಿ ತನ್ನ 175 ಎಂಬ ಕ್ರೋನೋಗ್ರಾಫ್ ಯಂತ್ರ ಮಾಡುವ ಸಲಕರಣೆಗಳನ್ನು ಚೀನಾಕ್ಕೆ ಮಾರಿತು. ತಿಯಾನ್‌ಜಿನ್ ಕಾರ್ಖಾನೆ ಅದನ್ನಿಟ್ಟುಕೊಂಡು ತಮ್ಮ ವಾಯುಪಡೆಯ ಪೈಲಟ್‌ಗಳಿಗಾಗಿ ವಾಚು ಮಾಡಿತು. ಅದರ ವಂಶವೇ ಇವತ್ತಿನ ಸೀಗಲ್ ಎಸ್‌ಟಿ19. ಕೀ ಕೊಡುವ ಯಂತ್ರ. ಬಟನ್ ಒತ್ತುವಾಗ ಬೆರಳಿಗೆ ಸಿಗುವ ನಯ ಬೇರೆ ಇದೆ. ಹಿಂದಿನ ಗಾಜಿನಿಂದ ನೋಡಿದರೆ ಸನ್ನೆಕೋಲುಗಳೆಲ್ಲ ಕುಣಿಯುವುದು ಕಾಣುತ್ತದೆ.

ಆದರೂ ನಿನ್ನ ಮೊದಲ ಕ್ರೋನೋಗ್ರಾಫ್ ಅದಾಗುವುದು ಬೇಡ. ಹೊರದೇಶದಿಂದ ತರಿಸಿದರೆ ಬೆಲೆಯ ಮೇಲೆ ಕಸ್ಟಮ್ಸ್ ಸುಂಕ ಬೀಳುತ್ತದೆ. ಅದನ್ನು ಹೇಗೋ ಹೊಂದಿಸಬಹುದು ಅಂತಿಟ್ಟುಕೋ. ಕೆಟ್ಟರೆ ನಿನ್ನ ಊರು ಸಾಗರದಲ್ಲಿ ಯಾರ ಹತ್ತಿರ ಕೊಂಡೊಯ್ಯುತ್ತೀಯ? ಮೂರು ಮುಳ್ಳಿನ ವಾಚು ಬಿಚ್ಚುವವರೇ ನಮ್ಮೂರುಗಳಲ್ಲಿ ಕಡಿಮೆಯಾಗಿದ್ದಾರೆ. ಕ್ರೋನೋಗ್ರಾಫ್ ಬಿಚ್ಚಿ ಎಣ್ಣೆ ಹಾಕಿ ಮತ್ತೆ ಕೂರಿಸಬಲ್ಲವರು ಬೆಂಗಳೂರಿನಲ್ಲೂ ಹುಡುಕಿದರೆ ಸಿಗುವಷ್ಟೇ. ಸರ್ವಿಸಿಗೆ ವಾಚಿನ ಬೆಲೆಯ ದೊಡ್ಡ ಪಾಲು ಹೋಗಬಹುದು. ಇನ್ನೊಂದು ವಿಷಯ. ಇಂಥ ವಾಚಿನಲ್ಲಿ ಮುಳ್ಳು ಓಡುತ್ತಿರುವಾಗಲೇ ಕೆಳಗಿನ ಬಟನ್ ಒತ್ತಬಾರದು, ಒಳಗೆ ಪೆಟ್ಟಾಗಬಹುದು. ನಿನ್ನ ಮನೆಯಲ್ಲಿ ಐದು ವರ್ಷದ ಮಗ ಇದ್ದಾನೆ. ಅವನು ಬಟನ್ ಕಂಡರೆ ಬಿಡುತ್ತಾನಾ?

ಹಾಗಾದರೆ ಸೆಲ್ ಹಾಕುವ ವಾಚೇ ಗತಿಯಾ ಅಂತ ಮುಖ ಸಣ್ಣ ಮಾಡಬೇಡ. ಸೆಲ್ಲಿನ ಕ್ರೋನೋಗ್ರಾಫ್‌ಗಳಲ್ಲೂ ಎರಡು ಜಾತಿ ಇವೆ. ನಾನು ಈ ಪತ್ರ ಬರೆಯಲು ಕೂತದ್ದೇ ಇದನ್ನು ಹೇಳುವುದಕ್ಕೆ.

ಸಾಮಾನ್ಯ ಜಾತಿಯಲ್ಲಿ ಸ್ಟಾಪ್‌ವಾಚ್ ಮುಳ್ಳುಗಳನ್ನೂ ಪುಟ್ಟ ಮೋಟಾರ್‌ಗಳೇ ಓಡಿಸುತ್ತವೆ. ಸ್ಟಾಪ್‌ವಾಚ್ ಮುಳ್ಳು ಹೆಚ್ಚಿನವುಗಳಲ್ಲಿ ಸೆಕೆಂಡಿಗೊಮ್ಮೆ ಟಕ್ ಟಕ್ ಅಂತ ಹೋಗುತ್ತದೆ. ಸೊನ್ನೆಗೆ ತರಲು ಒತ್ತಿದರೆ ಡಯಲ್ ಸುತ್ತಿ ನಡೆದುಕೊಂಡು ಬರುತ್ತದೆ. ಲೆಕ್ಕ ಸರಿಯಾಗೇ ಇರುತ್ತದೆ, ಆದರೆ ಒತ್ತಿದ ಖುಷಿ ಇಲ್ಲ. ಎರಡನೆಯ ಜಾತಿಗೆ ಮೆಕಾಕ್ವಾರ್ಟ್ಜ್ ಅನ್ನುತ್ತಾರೆ. ಸೈಕೋ ಮಾಡುವ ವಿಕೆ63, ವಿಕೆ64 ಯಂತ್ರಗಳು ಈ ಬಗೆಯವು. ಹೊತ್ತು ತೋರಿಸುವ ಕೆಲಸ ಸೆಲ್ಲು ಮತ್ತು ಅದರಿಂದ ಕಂಪಿಸುವ ಕ್ವಾರ್ಟ್ಜ್ ಹರಳಿನದ್ದು. ಸ್ಟಾಪ್‌ವಾಚ್ ಕೆಲಸ ಮಾತ್ರ ಚಕ್ರ, ಸನ್ನೆಕೋಲುಗಳದ್ದು. ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಇಡುವುದರಿಂದ ಜಾರಿದ ಹಾಗೆ ಸಾಗುತ್ತದೆ. ಸೊನ್ನೆ ಒತ್ತಿದರೆ ನಾನು ಮೇಲೆ ಹೇಳಿದೆನಲ್ಲ, ಆ ಸುತ್ತಿಗೆ, ಆ ಹೃದಯದ ಬಿಲ್ಲೆಯ ಆಟವೇ ಇಲ್ಲೂ ನಡೆಯುತ್ತದೆ. ಮುಳ್ಳು ಪಟ್ಟನೆ ಜಿಗಿದು ಬಂದು ನಿಲ್ಲುತ್ತದೆ. ನಿನಗೆ ಬೇಕಾಗಿದ್ದ ಸುಖದ ಮುಕ್ಕಾಲು ಪಾಲು ಇಲ್ಲೇ ಸಿಕ್ಕಿತು. ರಿಪೇರಿಯ ಚಿಂತೆ ಕಡಿಮೆ, ಕೆಲವು ವರ್ಷಕ್ಕೊಮ್ಮೆ ಸೆಲ್ ಬದಲಿಸಿದರಾಯಿತು.

ಈ ಯಂತ್ರವನ್ನು ಸೈಕೋ ಬೇರೆ ಕಂಪನಿಗಳಿಗೂ ಮಾರುತ್ತದೆ. ಹಾಗಾಗಿ ಅನೇಕ ಸಣ್ಣ ಬ್ರಾಂಡ್‌ಗಳ ವಾಚುಗಳಲ್ಲೂ ಇದು ಇರುತ್ತದೆ. ವಿವರಣೆಯಲ್ಲಿ ವಿಕೆ ಅಂತ ಇದೆಯಾ ನೋಡು. ಒಂದು ಮಿತಿ ತಿಳಿದಿರಲಿ. ವಿಕೆ63, 64ರಲ್ಲಿ ಸ್ಟಾಪ್‌ವಾಚ್ 60 ನಿಮಿಷದವರೆಗೆ ಮಾತ್ರ ಎಣಿಸುತ್ತದೆ. 24 ಗಂಟೆಯ ಸುತ್ತು ಗಂಟೆ ಮುಳ್ಳಿನ ಜೊತೆ ಹೋಗುವುದು, ಸ್ಟಾಪ್‌ವಾಚಿಗೂ ಅದಕ್ಕೂ ಸಂಬಂಧವಿಲ್ಲ. ಭಾಷಣ ಸ್ಪರ್ಧೆಗೆ ಐದು ನಿಮಿಷ, ನಿನ್ನ ಕ್ಲಾಸಿಗೆ ನಲವತ್ತು ನಿಮಿಷ, ಇದಕ್ಕೆಲ್ಲ ಧಾರಾಳ ಸಾಕು.

ಊರಿನ ಅಂಗಡಿಯಲ್ಲೇ ಮುಟ್ಟಿ ನೋಡಿ ತಗೊಳ್ಳುತ್ತೇನೆ ಅಂದರೆ ಟೈಟಾನ್, ಟೈಮೆಕ್ಸ್, ಕ್ಯಾಸಿಯೋ ಎಡಿಫಿಸ್, ಸಿಟಿಜನ್ ಇವುಗಳ ಸಾಮಾನ್ಯ ಕ್ವಾರ್ಟ್ಜ್ ಕ್ರೋನೋಗ್ರಾಫ್ ನಿನ್ನ ದುಡ್ಡಿಗೆ ಸಿಗುತ್ತವೆ. ಅದೂ ತಪ್ಪಲ್ಲ. ಸರ್ವಿಸ್ ಸೆಂಟರ್ ಹತ್ತಿರ ಇರುವುದೂ ಒಂದು ದೊಡ್ಡ ವಿಷಯವೇ. ಇನ್ನೂ ಸ್ವಲ್ಪ ಜಾಸ್ತಿ ಕೂಡಿಸುವುದಾದರೆ ಬೆಳಕಿನಿಂದ ಓಡುವ ಸಿಟಿಜನ್ ಇಕೋಡ್ರೈವ್ ನೋಡು. ಸೆಲ್ ಬದಲಿಸುವ ಗೋಜೇ ಇಲ್ಲ. ಹಳೆಯ ಸೈಕೋ 6139 ಆಟೋಮ್ಯಾಟಿಕ್ ಕ್ರೋನೋಗ್ರಾಫ್ ಕಡಿಮೆ ಬೆಲೆಗೆ ಅಂತ ಯಾರಾದರೂ ತೋರಿಸಿದರೆ ಮಾತ್ರ ದೂರ ಇರು. ಹೊಸದಾಗಿ ಬಣ್ಣ ಹೊಡೆದ ಡಯಲ್, ಎಲ್ಲಿಂದಲೋ ತಂದ ಮುಳ್ಳು, ಇಂಥವು ಮಾರುಕಟ್ಟೆಯಲ್ಲಿ ಬಹಳ ಇವೆ. ಗುರುತಿಸಲು ಪಳಗಿದ ಕಣ್ಣು ಬೇಕು.

ನಿನ್ನ ಮೂರನೇ ಫೋಟೋದ ವಾಚು ಚೆಂದ ಇದೆ, ಆದರೆ ಓದಲು ಆಗುವುದಿಲ್ಲ. ಬೆಳ್ಳಿ ಬಣ್ಣದ ಡಯಲ್ ಮೇಲೆ ಬೆಳ್ಳಿ ಬಣ್ಣದ್ದೇ ಮುಳ್ಳುಗಳು. ಕ್ರೋನೋಗ್ರಾಫ್ ಓದುವ ಸಾಧನ ಕಣೋ. 1970ರ ಏಪ್ರಿಲ್‌ನಲ್ಲಿ ಚಂದ್ರನತ್ತ ಹೊರಟಿದ್ದ ಅಪೋಲೊ 13 ನೌಕೆ ಕೆಟ್ಟು ಭೂಮಿಗೆ ವಾಪಸ್ ಬರುವಾಗ ದಾರಿ ಸರಿಪಡಿಸಲು 14 ಸೆಕೆಂಡು ಎಂಜಿನ್ ಉರಿಸಬೇಕಿತ್ತು. ಅದರಲ್ಲಿದ್ದ ಗಗನಯಾತ್ರಿ ಜ್ಯಾಕ್ ಸ್ವೈಗರ್ಟ್ ತಮ್ಮ ಕೈಯಲ್ಲಿದ್ದ ಒಮೆಗಾ ಸ್ಪೀಡ್‌ಮಾಸ್ಟರ್ ಕ್ರೋನೋಗ್ರಾಫ್ ನೋಡಿ ಆ ಸೆಕೆಂಡುಗಳನ್ನು ಅಳೆದರು. ಆ ವಾಚಿನದು ಕಪ್ಪು ಡಯಲ್, ಬಿಳಿ ಮುಳ್ಳು. ಮೊದಲ ಫೋಟೋದ ನಿನ್ನ ವಾಚೂ ಹಾಗೇ ಇದೆ, ಅದರಲ್ಲಿರುವುದು ವಿಕೆ63. ನನ್ನ ಓಟು ಅದಕ್ಕೆ.

ಅದರ ಅಂಚಿನಲ್ಲಿರುವ ಅಂಕಿಗಳಿಗೆ ಟ್ಯಾಕಿಮೀಟರ್ ಅನ್ನುತ್ತಾರೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಒಂದು ಕಿಲೋಮೀಟರ್ ಕಲ್ಲಿನ ಹತ್ತಿರ ಒತ್ತು, ಮುಂದಿನ ಕಲ್ಲಿಗೆ ನಿಲ್ಲಿಸು. 45 ಸೆಕೆಂಡಾದರೆ ಮುಳ್ಳು 80 ತೋರಿಸುತ್ತದೆ, ಅಂದರೆ ಗಂಟೆಗೆ 80 ಕಿಲೋಮೀಟರ್ ವೇಗ. ಮಳೆಗಾಲದ ಮುಂಚಿನ ಗುಡುಗು ಶುರುವಾದಾಗ ಇನ್ನೊಂದು ಆಟ ಇದೆ, ಮಗನಿಗೆ ತೋರಿಸು. ಮಿಂಚು ಕಂಡಾಗ ಒತ್ತಿ, ಗುಡುಗು ಕೇಳಿದಾಗ ನಿಲ್ಲಿಸಿ, ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಸಿಡಿಲು ಹೆಚ್ಚುಕಡಿಮೆ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ಒಂಬತ್ತು ಸೆಕೆಂಡಾದರೆ ಮೂರು ಕಿಲೋಮೀಟರ್. ಮನೆಯ ಒಳಗೆ ನಿಂತೇ ಮಾಡಿ, ಅಂಗಳಕ್ಕೆ ಇಳಿಯಬೇಡಿ.

ಮಳೆ ಅಂದಾಗ ನೆನಪಾಯಿತು. ಹಿಂಭಾಗದಲ್ಲಿ 30 ಮೀಟರ್ ಅಂತ ಬರೆದಿದ್ದರೆ ಕೈ ತೊಳೆಯುವಾಗ ಹಾರುವ ನೀರಿಗೆ ಸಾಕು ಅಂತ ಅರ್ಥ, ಈಜುವುದಕ್ಕಲ್ಲ. ಮಲೆನಾಡಿನ ಮಳೆಗೆ 50 ಇದ್ದರೆ ಒಳ್ಳೆಯದು, 100 ಇದ್ದರೆ ನಿಶ್ಚಿಂತೆ. ಎಷ್ಟೇ ಇದ್ದರೂ ವಾಚು ಒದ್ದೆ ಇರುವಾಗ ಬಟನ್ ಒತ್ತಬೇಡ. ಗಾಜು ಸಫೈರ್ ಎಂಬ ಗಟ್ಟಿ ಹರಳಿನದಾದರೆ ಗೀರು ಬೀಳುವುದು ಕಡಿಮೆ, ಆದರೆ ಈ ಬೆಲೆಗೆ ಸಿಗದಿದ್ದರೆ ಬೇಸರ ಬೇಡ. ಅಳತೆ ಮಾತ್ರ ಗಮನಿಸು. ನಿನ್ನ ಮಣಿಕಟ್ಟು ಸಣ್ಣದು, 40 ಮಿಲಿಮೀಟರ್ ದಾಟಬೇಡ.

ಕೈಗೆ ಬಂದ ಕೂಡಲೇ ಬಟನ್ ಒತ್ತಿ ಓಡಿಸು, ನಿಲ್ಲಿಸು, ಸೊನ್ನೆಗೆ ತಾ. ಮುಳ್ಳು ಸರಿಯಾಗಿ 12ರ ಗೆರೆ ಮೇಲೇ ನಿಲ್ಲಬೇಕು. ಅರ್ಧ ಗೆರೆ ಆಚೀಚೆ ಇದ್ದರೆ ಒಪ್ಪಿಕೊಳ್ಳಬೇಡ. ಸಾಮಾನ್ಯ ಜಾತಿಯ ಎಷ್ಟೋ ಕ್ವಾರ್ಟ್ಜ್ ವಾಚುಗಳಲ್ಲಾದರೆ ಕೀ ತಿರುಗಣೆಯನ್ನು ಪೂರ್ತಿ ಹೊರಗೆಳೆದು ಬಟನ್ ಒತ್ತಿದರೆ ಅದು ಸರಿಹೋಗುತ್ತದೆ. ಸೆಲ್ ಬದಲಿಸಿದ ಮೇಲೂ ಇದನ್ನು ಮಾಡಬೇಕಾಗಬಹುದು, ಅದಕ್ಕೆ ಜೊತೆಗೆ ಬಂದ ಪುಸ್ತಕ ಎಸೆಯಬೇಡ. ಬಿಲ್ಲು ಜೋಪಾನ ಮಾಡು. ಚೈನು ಸಣ್ಣ ಮಾಡಿಸಿದರೆ ತೆಗೆದ ಕೊಂಡಿಗಳನ್ನು ಮರೆಯದೆ ಕೇಳಿ ಇಸ್ಕೋ.

ಬಂದ ದಿನ ಫೋನ್ ಮಾಡು.

ನಿನ್ನ,
ಶ್ರೀಧರ