41ನೇ ದಿನದ 200 ಪದ

ಹಸಿರು ಕೊಡೆಯವನೇ,

ವಾಟ್ಸಾಪ್‌ನಲ್ಲೇ ಬರೆಯಬಹುದಿತ್ತು. ಬರೆದರೆ ನೀನು ಒಂದು ಹೆಬ್ಬೆರಳು ಒತ್ತಿ ತೋಟಕ್ಕೆ ಹೋಗುತ್ತೀಯ. ಇಲ್ಲಿ ಹಾಕಿದರೆ ನಾಲ್ಕು ಜನ ಓದುತ್ತಾರೆ. ಅವರಲ್ಲಿ ಯಾರಾದರೂ ನಿನಗೆ ಫೋನ್ ಮಾಡಿ "ಓದಿದ್ಯಾ?" ಅಂತ ಕೇಳೇ ಕೇಳುತ್ತಾರೆ. ಆಗ ನೀನು ಓದಲೇಬೇಕು. (ಆ ನಾಲ್ಕು ಜನಕ್ಕೆ ನಮಸ್ಕಾರ. ಕೊಡೆಯ ಕತೆ ಮಾತ್ರ ಕೇಳಬೇಡಿ.)

ಹೋದ ಸಲ ಫೋನಿನಲ್ಲಿ ಕೇಳಿದೆಯಲ್ಲ, "ಮನೆ, ಆಫೀಸು ಎಲ್ಲ ಇಟ್ಟುಕೊಂಡು ದಿನಾ ಹೇಗೋ ಬರೀತೀಯ?" ಅಂತ. ನಾನು ಶಿಸ್ತು, ಗಿಸ್ತು ಅಂತ ಏನೋ ಕೊಚ್ಚಿಕೊಂಡೆ. ಎಲ್ಲ ಸುಳ್ಳು. ಅದೆಲ್ಲ ಮೆಟ್ರೊ ಪುಣ್ಯ.

ಮೊದಲು ಬೆಳಗಿನ ಐದು ಗಂಟೆಗೆ ಕೂತು ನೋಡಿದೆ. ಆಂಥೊನಿ ಟ್ರೋಲಪ್ ಅಂತ ಒಬ್ಬ ಇಂಗ್ಲಿಷ್ ಕಾದಂಬರಿಕಾರ ಇದ್ದ, ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆಯುತ್ತಿದ್ದ. ತನ್ನನ್ನು ಎಬ್ಬಿಸುವ ಆಳಿಗೆ ಅದಕ್ಕಂತಲೇ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದ. ನನ್ನನ್ನು ಕಾವೇರಿ ನೀರು ಪುಕ್ಕಟೆ ಎಬ್ಬಿಸುತ್ತದೆ. ಎಬ್ಬಿಸಿ ಬರೆಯೋಕೆ ಬಿಡಲ್ಲ, ಅಷ್ಟೇ. ವಿಜಯನಗರದ ನಮ್ಮ ಬೀದಿಗೆ ನೀರು ಬರೋದು ದಿನ ಬಿಟ್ಟು ದಿನ, ಅದೂ ಸರಿಯಾಗಿ ಐದಕ್ಕೆ. ಸಂಪು ತುಂಬಿತಾ ನೋಡು, ಮೋಟಾರು ಹಾಕು, ಟ್ಯಾಂಕು ಉಕ್ಕಿತು ಆರಿಸು. ನೀರು ಬಾರದ ದಿನ ಮಗಳು ಎದ್ದು ಬಂದು ತೊಡೆಯ ಮೇಲೆ ಕೂರುತ್ತಾಳೆ. ಸರಿ, ರಾತ್ರಿ ಬರೆಯೋಣ ಅಂದರೆ, ಕತೆಯೊಳಗಿನವನು ಬಾಗಿಲು ತೆಗೆಯುವಷ್ಟರಲ್ಲಿ ನನಗೆ ನಿದ್ದೆ.

ಮೆಟ್ರೊನೂ ಮೊದಲಿಂದ ಇಷ್ಟು ಅನುಕೂಲ ಇರಲಿಲ್ಲ. ಬೈಯಪ್ಪನಹಳ್ಳಿಯಲ್ಲಿ ಇಳಿದು, ಬಸ್ ಹಿಡಿದು, ಕೆ.ಆರ್. ಪುರದಲ್ಲಿ ಮತ್ತೆ ಹತ್ತಬೇಕಿತ್ತು. ಎಷ್ಟೋ ಕತೆಗಳು ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್‌ನಲ್ಲಿ ಪ್ರಾಣ ಬಿಟ್ಟಿವೆ. 2023ರ ಅಕ್ಟೋಬರ್ 9ಕ್ಕೆ ನಡುವಿನ ಆ ತುಂಡು ಶುರುವಾಯಿತು. ಈಗ ವಿಜಯನಗರದಲ್ಲಿ ಹತ್ತಿದರೆ ವೈಟ್‌ಫೀಲ್ಡ್‌ವರೆಗೆ ಇಳಿಯೋ ಗೋಜಿಲ್ಲ. ಹೆಚ್ಚುಕಮ್ಮಿ ಒಂದು ಗಂಟೆ. ಮೆಜೆಸ್ಟಿಕ್‌ವರೆಗೆ ಎಡಗೈಯಲ್ಲಿ ಹಿಡಿಕೆ, ಬಲಗೈಯಲ್ಲಿ ಫೋನು. ಅಲ್ಲಿ ಹಸಿರು ಮಾರ್ಗಕ್ಕೆ ಹೋಗುವವರು ಇಳಿದರೆ ಒಮ್ಮೊಮ್ಮೆ ಸೀಟು ಸಿಗುತ್ತದೆ. ಸಿಟಿ ರೈಲ್ವೆ ಸ್ಟೇಷನ್‌ನಿಂದ ಕಬ್ಬನ್ ಪಾರ್ಕ್‌ವರೆಗೆ ಐದು ಸ್ಟೇಷನ್ ನೆಲದಡಿ. ಕಿಟಕಿಯಲ್ಲಿ ನೋಡೋಕೆ ನಮ್ಮ ಮುಖ ಬಿಟ್ಟು ಬೇರೇನೂ ಇಲ್ಲ. ನನ್ನ ಮುಖ ನಿನಗೆ ಗೊತ್ತಲ್ಲ, ಬರೆಯೋದೇ ವಾಸಿ. ರೈಲು ಎಂ.ಜಿ. ರೋಡ್‌ನಲ್ಲಿ ಬೆಳಕಿಗೆ ಬರುವ ಹೊತ್ತಿಗೆ 100 ಪದ ಆಗಿರಬೇಕು. ದಿನಕ್ಕೆ 200.

ಒಂದು ಗುಟ್ಟು. ಒಂದೇ ಹೆಬ್ಬೆರಳಲ್ಲಿ ಒತ್ತಕ್ಷರ ಒತ್ತೋದು ಕಷ್ಟ. ಅದಕ್ಕೇ ನಿಂತಿದ್ದಾಗ ಸುಲಭದ ಪದ ಹುಡುಕುತ್ತೇನೆ. ಮೊನ್ನೆ ಯಾರೋ "ನಿಮ್ಮ ಭಾಷೆ ಎಷ್ಟು ಸರಳ" ಅಂತ ಹೊಗಳಿದರು. ಸುಮ್ನೆ ತಲೆಯಾಡಿಸಿದೆ.

ಅಭ್ಯಾಸ ಅಂಟಿಕೊಳ್ಳೋಕೆ 21 ದಿನ ಸಾಕು ಅಂತ ಎಲ್ಲರೂ ಹೇಳುತ್ತಾರಲ್ವಾ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ಇದನ್ನೇ ನೋಡಿದ್ದಾರೆ. 2010ರಲ್ಲಿ ಅಚ್ಚಾದ ಅಧ್ಯಯನ. ಸರಾಸರಿ 66 ದಿನ ಬೇಕಂತೆ. ಕೆಲವರಿಗೆ 18, ಕೆಲವರಿಗೆ 254. ಅದನ್ನು ಓದಿ 66ರ ಗುರಿ ಇಟ್ಟುಕೊಂಡು ದಿನ ಎಣಿಸೋಕೆ ಶುರು ಮಾಡಿದೆ.

41ನೇ ದಿನ ನಾನು ಮೆಟ್ರೊದಲ್ಲಿ ಇರಲಿಲ್ಲ. ನಿಮ್ಮನೆಯಲ್ಲಿದ್ದೆ.

ಹಿಂದಿನ ದಿನ ಸಂಜೆ ನೀನು ಫೋನ್ ಮಾಡಿ "ಅಪ್ಪ ಹೋದ್ರು" ಅಂದಿದ್ದೆ. ರಾತ್ರಿ ಬಸ್ಸಿಗೆ ಹೊರಟು ಬೆಳಗಿಗೆ ಬಂದೆ. ಅಷ್ಟು ದೂರದಿಂದ ಬಂದನಲ್ಲ ಅಂತ ನಿಮ್ಮ ಚಿಕ್ಕಪ್ಪ ಕೈ ಹಿಡಿದುಕೊಂಡರು. ಮಧ್ಯಾಹ್ನ ಎಲ್ಲರೂ ತೋಟದ ಅಂಚಿನಿಂದ ವಾಪಸು ಬಂದು ಬಚ್ಚಲಿನ ಮುಂದೆ ಸ್ನಾನಕ್ಕೆ ಕಾಯುತ್ತಿದ್ದರು. ನಾನು ಕೊಟ್ಟಿಗೆಯ ಹಿಂದೆ ಫೋನು ಹಿಡಿದು ನಿಂತಿದ್ದೆ. ನೀನು ಒದ್ದೆ ಪಂಚೆಯಲ್ಲೇ ನನ್ನನ್ನು ಹುಡುಕಿಕೊಂಡು ಬಂದೆ. ಕೈಯಲ್ಲಿ ಪಕ್ಕದ ಮನೆಯಿಂದ ಬಂದ ಕಾಫಿ. "ಆಫೀಸಾ?" ಅಂತ ಕೇಳಿದೆ. "ಹೂಂ ಮಾರಾಯ, ಇವತ್ತೂ ಬಿಡಲ್ಲ ಇವರು" ಅಂದುಬಿಟ್ಟೆ ನಾನು. ನೀನು ಲೋಟವನ್ನು ಕಟ್ಟೆಯ ಮೇಲಿಟ್ಟು, ಸದ್ದಾಗದ ಹಾಗೆ ಹೋದೆ. ನನಗೆ ತೊಂದರೆ ಆಗಬಾರದು ಅಂತ.

ಆಫೀಸಲ್ಲ ಮಾರಾಯ. ಆ ದಿನದ 200 ಪದ.

ಜಗಲಿಯ ಮೇಲಿದ್ದ ನಿಮ್ಮಪ್ಪನ ಕವಳದ ತಟ್ಟೆ ಬಗ್ಗೆ ಬರೆದೆ. ಬಂದವರೊಬ್ಬರು ಮಾತಿನ ನಡುವೆ ಕೈ ಚಾಚಿ ಅದರಿಂದಲೇ ಒಂದು ಅಡಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ ತಟ್ಟೆ ಯಾರದ್ದು ಅಂತ ನೆನಪಾಗಿ, ಅಗಿಯಲೂ ಆಗದೆ ಉಗಿಯಲೂ ಆಗದೆ ಕೂತರು. ಅದನ್ನು ಬರೆದೆ. ನಿನ್ನ ಅಳುವನ್ನೂ ಬರೆದೆ. ಯಾರೋ ಕೆಮ್ಮುತ್ತಿದ್ದಾರೆ ಅಂದುಕೊಂಡು ತಿರುಗಿದರೆ ನೀನು, ಅಂತ. ಆ ಸಾಲು ಸಿಕ್ಕಾಗ ನನಗೆ ಖುಷಿಯಾಯಿತು. ಇದನ್ನು ಹೇಗೆ ಹೇಳಲಿ? ಖುಷಿಯಾಯಿತು ಕಣೋ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳುವುದಿಲ್ಲ. ಕೊಟ್ಟಿಗೆಯ ಹಿಂದೆ ನಿಂತಾಗ ಅದು ನನಗೆ ಗೊತ್ತಿತ್ತು.

ಇಷ್ಟು ದಿನ ಇದನ್ನು ಮರೆತೇಬಿಟ್ಟಿದ್ದೆ. ಹೋದ ವಾರ ಮಗಳಿಗೆ ಜ್ವರ. ನಡುರಾತ್ರಿ ಹಣೆಗೆ ಹಾಕೋಕೆ ಒದ್ದೆ ಬಟ್ಟೆ ಹಿಂಡುತ್ತಿದ್ದೆ. ಹಿಂಡುತ್ತಲೇ ಬೋಗುಣಿಯ ನೀರಿನ ಬಗ್ಗೆ ತಲೆಯಲ್ಲಿ ಒಂದು ವಾಕ್ಯ ತಯಾರಾಗುತ್ತಿತ್ತು. ಅವಳು ಏನೋ ಕೇಳಿದಳು. "ಹೂಂ" ಅಂದೆ. ಏನು ಕೇಳಿದಳು ಅಂತ ಈಗಲೂ ಗೊತ್ತಿಲ್ಲ. ಆಗ ನಿನ್ನ ಕಾಫಿ ಲೋಟ ನೆನಪಾಯಿತು.

ಸಾಕು ಬಿಡು. ಇನ್ನು ಸ್ವಲ್ಪ ಎಳೆದರೆ ನೀನು "ಮೊಸರನ್ನದ ಮೇಷ್ಟ್ರು ಮೈಮೇಲೆ ಬಂದ್ರು" ಅಂತೀಯ. ಜ್ವರ ಮಾರನೇ ದಿನವೇ ಬಿಟ್ಟಿತು. ಆ 41ನೇ ದಿನದ್ದು ಫೋನಿನಲ್ಲೇ ಇದೆ. ಯಾರಿಗೂ ತೋರಿಸಿಲ್ಲ, ಈಗ ಇಲ್ಲಿ ಎಲ್ಲರಿಗೂ ತೋರಿಸಿದ್ದು ಬಿಟ್ಟರೆ. ಬೇಕಾದರೆ ಕಳಿಸುತ್ತೇನೆ. ಬೈಯೋದಾದರೆ ಫೋನ್ ಮಾಡಿ ಬೈ, ಇಲ್ಲಿ ಬೇಡ.

ನಿನ್ನೆ ಒಂದು ದಿನ ಬೇಕಂತಲೇ ತಪ್ಪಿಸೋಣ ಅಂತ ಫೋನನ್ನು ಬ್ಯಾಗಿಗೆ ಹಾಕಿ ಕೂತೆ. ಹೂಡಿ ಬರುವವರೆಗೂ ಎದುರಿನವರ ಬೂಟು ನೋಡುತ್ತಿದ್ದೆ. ಒಂದರ ಲೇಸು ಕಪ್ಪು, ಇನ್ನೊಂದರದ್ದು ಕಂದು. ಇಳಿದ ಮೇಲೆ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ಅದನ್ನೇ ಬರೆದೆ. 180 ಪದ.

ಬಾಕಿ 20ನ್ನು ಈ ಪತ್ರದಲ್ಲಿ ತೀರಿಸಿದ್ದೇನೆ.

ಇಂತಿ,
ನಿನ್ನ ಆಫೀಸಿನವನು

ತಾ.ಕ.: ಅಡಿಕೆ ಬಾಯಿಗೆ ಹಾಕಿಕೊಂಡವರು ಯಾರು ಅಂತ ಕೇಳಬೇಡ. ಅವರೂ ಇದನ್ನು ಓದುತ್ತಾರೆ.