ಶುಗರ್ ದಿಢೀರ್ ಏರಿದಾಗ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

"ಮೀಟರ್‌ನಲ್ಲಿ 300 ಬಂತು, ಈಗೇನು ಮಾಡಲಿ?" ಎಂಬ ಸಂದೇಶ ಗುಂಪಿನಲ್ಲಿ ಆಗಾಗ ಬರುತ್ತಿದೆ. ಮಧುಮೇಹ ಇರುವವರು, ಅವರನ್ನು ನೋಡಿಕೊಳ್ಳುವ ಮನೆಯವರು ದಯವಿಟ್ಟು ಪೂರ್ತಿ ಓದಿ.

ಮೊದಲು ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಹೊಸ ಸ್ಟ್ರಿಪ್‌ನಲ್ಲಿ ಮತ್ತೊಮ್ಮೆ ನೋಡಿ. ಹಣ್ಣು ಮುಟ್ಟಿದ ಬೆರಳಿಗೆ ಅಂಟಿದ ಸಕ್ಕರೆಯೂ ಸಂಖ್ಯೆಯನ್ನು ಏರಿಸುತ್ತದೆ.

ಆಗಲೂ ಹೆಚ್ಚೇ ಬಂದರೆ ನೀರು ಕುಡಿಯಿರಿ (ವೈದ್ಯರು ನೀರಿಗೆ ಮಿತಿ ಹೇಳಿದ್ದರೆ ಅವರನ್ನು ಕೇಳಿ). ಔಷಧಿ ತಪ್ಪಿತೇ, ಜ್ವರ ಅಥವಾ ಸೋಂಕು ಇದೆಯೇ, ಸ್ಟೀರಾಯ್ಡ್ ಶುರುವಾಗಿದೆಯೇ, ಇನ್ಸುಲಿನ್ ಬಿಸಿಯಲ್ಲಿ ಕೆಟ್ಟಿತೇ ಎಂದು ಯೋಚಿಸಿ.

ನನಗೆ ಅತಿ ಹೆಚ್ಚು ಆತಂಕ ಇರುವುದು ಇದರ ಬಗ್ಗೆ: ಗಾಬರಿಯಲ್ಲಿ ಇನ್ಸುಲಿನ್ ಮೇಲೆ ಇನ್ಸುಲಿನ್ ಚುಚ್ಚಿಕೊಳ್ಳಬೇಡಿ. ಬೇಗ ಕೆಲಸ ಮಾಡುವ ಇನ್ಸುಲಿನ್ ಕೂಡ ಸುಮಾರು 4 ಗಂಟೆ ಮೈಯಲ್ಲಿರುತ್ತದೆ. ಎರಡೂ ಡೋಸ್ ಸೇರಿದರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೈದ್ಯರು ಬರೆದುಕೊಟ್ಟಷ್ಟೇ ತೆಗೆದುಕೊಳ್ಳಿ.

ಟೈಪ್ 1 (ದೇಹದಲ್ಲಿ ಇನ್ಸುಲಿನ್ ಬಹುತೇಕ ತಯಾರಾಗದ ಮಧುಮೇಹ) ಇರುವವರು ಶುಗರ್ 240 ಮಿ.ಗ್ರಾಂ. ದಾಟಿದರೆ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹ ಕೊಬ್ಬು ಕರಗಿಸುವುದರಿಂದ ರಕ್ತ, ಮೂತ್ರದಲ್ಲಿ ಸೇರುವ ಆಮ್ಲ) ಪರೀಕ್ಷಿಸಿ. ಕೀಟೋನ್ ಕಂಡರೆ ವ್ಯಾಯಾಮ ಬೇಡ, ವೈದ್ಯರಿಗೆ ಕರೆ ಮಾಡಿ. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಮಂಪರು ಇದ್ದರೆ ಯಾವ ಟೈಪ್ ಆದರೂ ಸರಿ, ಗುಂಪಿನ ಉತ್ತರಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇಂದಿನಿಂದ ಗುಂಪಿನಲ್ಲಿ ಯಾರೂ ಯಾರಿಗೂ ಡೋಸ್ ಸೂಚಿಸಬೇಡಿ. ಎಷ್ಟು ಬಂದರೆ ಕರೆ ಮಾಡಬೇಕೆಂದು ನಿಮ್ಮ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಓದಿದವರು ರಾತ್ರಿಯೊಳಗೆ "ಓದಿದೆ" ಎಂದು ತಿಳಿಸಿ. ಮನೆಯಲ್ಲಿ ಒಂಟಿಯಾಗಿರುವವರು ನನಗೆ ಪ್ರತ್ಯೇಕವಾಗಿ ಸಂದೇಶ ಕಳಿಸಿ.