ಆಯಿ, ಅಪ್ಪ, ಇಲ್ಲೂ ಒಂದು ಜಡ್ಡಿ ನೋಡ್ದೆ

ಬ್ಯಾಟನ್ ರೂಜ್, ಲೂಸಿಯಾನ
ನವೆಂಬರ್, ಭಾನುವಾರ ರಾತ್ರಿ

ಆಯಿ, ಅಪ್ಪ,

ಮೊನ್ನೆ ಫೋನಲ್ಲಿ ಅಪ್ಪ, ನೀನು "ಅಲ್ಲಿ ಕಾಡು ಗೀಡು ಇದ್ಯಾ, ಇಲ್ಲ ಬರೀ ರೋಡೇನಾ" ಅಂತ ಕೇಳಿದ್ದೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು. ಅದಕ್ಕೆ ಬರೆದೇ ಕಳಿಸ್ತಿದೀನಿ, ತಂಗಿ ಪ್ರಿಂಟ್ ತೆಗೆದು ಕೊಡ್ತಾಳೆ, ಕನ್ನಡಕ ಹಾಕ್ಕೊಂಡು ನಿಧಾನ ಓದು.

ನಿನ್ನೆ ಆಫೀಸಿನವರೊಬ್ಬರ ಮಾವನ ದೋಣಿಯಲ್ಲಿ ಮೋರಪಾ ಅನ್ನೋ ಸರೋವರದ ಪಕ್ಕದ ಜೌಗು ಕಾಡಿಗೆ, ಅಂದ್ರೆ ನಮ್ಮ ಜಡ್ಡಿ ಥರದ್ದಕ್ಕೆ, ಹೋಗಿದ್ವಿ. ಅಪ್ಪಾ, ನಮ್ಮ ಕಡೆ ಕತ್ತಲೆಕಾನಿನ ಜಡ್ಡೀಲಿ ರಾಮಪತ್ರೆ ಜಾತಿ ಮರದ ಬೇರು ಕೆಸರಿಂದ ಮಂಡಿ ಮಡಚಿದಂಗೆ ಎದ್ದು ಮತ್ತೆ ಒಳಗೆ ಹೋಗತ್ತಲ್ಲ, ಇಲ್ಲಿ ಸೈಪ್ರೆಸ್ ಮರಕ್ಕೂ ಅಂಥದೇ ಮಂಡಿ ಇದೆ, ಆದ್ರೆ ಮಡಚಲ್ಲ, ಹುತ್ತದ ಥರ ಸೀದಾ ಎದ್ದು ಮೊಂಡಾಗಿ ನಿಲ್ಲತ್ತೆ, ಒಂದೊಂದು ನನ್ನ ಎದೆ ಮಟ್ಟ. ಅದು ಯಾತಕ್ಕೆ ಅಂತ ವಿಜ್ಞಾನಿಗಳು ನೂರು ವರ್ಷದ ಮೇಲಿಂದ ಜಗಳ ಆಡ್ತಿದ್ದಾರಂತೆ, ಉಸಿರಾಡೋಕೆ ಅಂತ ಕೆಲವರು, ಕೆಸರಲ್ಲಿ ಮರ ಬೀಳದೆ ಇರೋಕೆ ಅಂತ ಕೆಲವರು, ಇನ್ನೂ ತೀರ್ಮಾನ ಆಗಿಲ್ಲ.

ಸೂಜಿ ಎಲೆ ಮರ ಇದು, ಆದ್ರೂ ಚಳಿಗಾಲಕ್ಕೆ ಎಲೆ ಉದುರಿಸಿ ಬೋಳಾಗತ್ತೆ. ಈಗ ಇಡೀ ಕಾಡು ತುಕ್ಕಿನ ಬಣ್ಣ, ಕೊಂಬೆ ಕೊಂಬೆಗೂ ಬೂದು ಗಡ್ಡದ ಥರ ಒಂದು ಗಿಡ ಜೋತು ಬಿದ್ದಿದೆ. ಆಯಿ, ನಾನೂ ಬಂದಳಿಕೆ ಅಂದ್ಕೊಂಡೆ, ಅಲ್ವಂತೆ, ಮರದಿಂದ ಏನೂ ಹೀರಲ್ಲ, ಅನಾನಸ್ ಕುಟುಂಬದ್ದಂತೆ! ಹಿಂದೆ ಇದನ್ನ ಒಣಗಿಸಿ ಹಾಸಿಗೆಗೆ ತುಂಬ್ತಿದ್ರಂತೆ.

ತೋಟದವರ ಮಕ್ಕಳಲ್ವಾ, ನಾನು ಹುಡುಕಿದ್ದು ಸಸಿ. ಎಲ್ಲೂ ಕಾಣ್ಲಿಲ್ಲ. ಬರೀ ದೊಡ್ಡ ಮರ, ಒಂದೂ ಮರಿ ಇಲ್ಲ. ಕೇಳಿದ್ರೆ ಆ ಮಾವ ನಗಾಡಿದ್ರು. ಈ ಮರ ವರ್ಷಗಟ್ಟಲೆ ನೀರಲ್ಲೇ ನಿಂತಿರತ್ತೆ, ಅದರ ಬೀಜ ಮಾತ್ರ ನೀರೊಳಗೆ ಮೊಳೆಯಲ್ಲ! ತೇಲ್ತಾ ಹೋಗಿ, ನೀರು ಇಳಿದ ಒದ್ದೆ ಕೆಸರು ಸಿಗಬೇಕು, ಆಮೇಲೆ ಮುಂದಿನ ನೆರೆಗೆ ತಲೆ ಮುಳುಗದಷ್ಟು ಎತ್ತರ ಬೆಳೀಬೇಕು. ಮೊದ್ಲು ಅಂಥ ವರ್ಷ ಆಗಾಗ ಬರ್ತಿತ್ತು. ಈಗ ಮಿಸಿಸಿಪ್ಪಿ ನದಿ ಉದ್ದಕ್ಕೂ ನಮ್ಮ ಕೆರೆ ಏರಿ ಥರ ಏರಿ ಹಾಕಿದ್ದಾರೆ, ನೆರೆ ನೀರಿನ ಜೊತೆ ಬರ್ತಿದ್ದ ಗೋಡು ಮಣ್ಣು ನಿಂತೋಯ್ತು, ನೆಲ ಕುಸೀತಾ ಇದೆ, ನಿಂತ ನೀರು ಇಳಿಯೋದೇ ಇಲ್ಲ.

ದೊಡ್ಡ ಮರ ಅಂದ್ನಲ್ಲ, ಅವೂ ಹಳೇವಲ್ಲ. 1890ರಿಂದ 1920ರ ದಶಕದವರೆಗೆ ಕಂಪನಿಗಳು ಬುಡದ ಸುತ್ತ ತೊಗಟೆ ಕೊಚ್ಚಿ ಒಣಗಿಸಿ, ಹಸಿ ಮರ ತೇಲಲ್ಲ ನೋಡು, ಆಮೇಲೆ ಕಡಿದು ಉಗಿ ಯಂತ್ರದಲ್ಲಿ ಎಳೆದು ಹೆಚ್ಚುಕಮ್ಮಿ ಎಲ್ಲ ಖಾಲಿ ಮಾಡಿದ್ವು. ದಿಮ್ಮಿ ಎಳೆದ ಗಾಡಿ ಚಕ್ರದ ಕಡ್ಡಿ ಥರದ ಗೆರೆಗಳು ಸ್ಯಾಟಲೈಟ್ ಫೋಟೋದಲ್ಲಿ ಇವತ್ತಿಗೂ ಕಾಣತ್ತೆ, ತಂಗಿ ಹತ್ರ ತೋರಿಸೋಕೆ ಹೇಳು. ಕಡೀದೆ ಬಿಟ್ರೆ ಎಷ್ಟು ಬದುಕತ್ತೆ ಗೊತ್ತಾ, ನಾರ್ತ್ ಕ್ಯಾರೊಲಿನಾದ ಬ್ಲ್ಯಾಕ್ ರಿವರ್ ದಡದಲ್ಲಿ ಒಂದು ಮರಕ್ಕೆ ಕಡಿಮೆ ಅಂದ್ರೂ 2,624 ವರ್ಷ ಅಂತ 2019ರಲ್ಲಿ ಲೆಕ್ಕ ಸಿಕ್ತು, ಉಂಗುರ ಎಣಿಸಿ. ಬುದ್ಧನಿಗಿಂತ ದೊಡ್ಡದು ಬಹುಶಃ.

1999-2000ರ ಬರದಲ್ಲಿ ಸಮುದ್ರದ ಉಪ್ಪು ಮೋರಪಾದ ಒಳಗೂ ನುಗ್ಗಿ ತುಂಬಾ ಮರ ಸತ್ತವಂತೆ, ಬೂದು ಕಂಬದ ಹಾಗೆ ಇನ್ನೂ ನಿಂತಿವೆ, ನೋಡೋಕೆ ಬೇಜಾರು. ನದಿಯ ಸಿಹಿನೀರನ್ನ ಮತ್ತೆ ಇದರೊಳಗೆ ಬಿಡೋ ಯೋಜನೆ ಇದೆ.

ಇಲ್ಲಿನವರು ಸಸಿ ತಂದು ನೆಡ್ತಾರೆ, ಅದಕ್ಕೆ ನ್ಯೂಟ್ರಿಯಾ ಕಾಟ. ಹೆಗ್ಗಣದ ಅಣ್ಣ ಅಂದ್ಕೋ, ಹಲ್ಲು ಕಿತ್ತಳೆ ಬಣ್ಣ, ತುಪ್ಪಳದ ಆಸೆಗೆ 1930ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ತಂದಿದ್ದು, ತಪ್ಪಿಸಿಕೊಂಡು ಮನೆ ಮಾಡ್ಕೊಂಡಿದೆ. ಬಾಲ ತಂದುಕೊಟ್ರೆ ಸರ್ಕಾರ 6 ಡಾಲರ್ ಕೊಡತ್ತೆ. ಮಾವ ಸಸಿಗೆಲ್ಲ ಪ್ಲಾಸ್ಟಿಕ್ ಕೊಳವೆ ಹಾಕಿದ್ರು, ಒಂದು ಹತ್ತು ಸಸಿ, ಅದರಲ್ಲಿ ಮೂರಕ್ಕೆ ಎಲೆ ಕೆಂಪಾಗಿತ್ತು. ಒಣಗ್ತಿದ್ಯಾ ಅಂದೆ, "ಇಲ್ಲ, ನವೆಂಬರ್" ಅಂದ್ರು.

ಅಪ್ಪಾ, ಜಡ್ಡಿ ಕಡೆ ಹೋದಾಗ ಮರಿ ಎಷ್ಟಿದೆ ಅಂತ ನೋಡ್ಕೊಂಡು ಬಾ. ಆಯಿ, ಅಪ್ಪೆಮಿಡಿ ಡಬ್ಬ ಖಾಲಿ ಆಗಿ ವಾರ ಆಯ್ತು.

ನಿಮ್ಮ,
ಪುಟ್ಟ